ಪಕ್ಕದ ಸೀಟಿನ ಬ್ರೇಕು

ಆ ಮನೆಯವರು ಯಾರೂ ಸುಮ್ಮನೆ ಕೂತು ಪ್ರಯಾಣ ಮಾಡುವ ಪೈಕಿ ಅಲ್ಲ. ಬಸ್ಸು ಹತ್ತಿದರೂ ಅಷ್ಟೆ, ನೆಂಟರ ಕಾರಿನಲ್ಲಿ ಹಿಂದೆ ಕೂತರೂ ಅಷ್ಟೆ. ಎದುರಿಗೊಂದು ಸೈಕಲ್ಲು ಅಡ್ಡ ಬಂದರೆ ಸಾಕು, ಮೂರು ಬಲಗಾಲು ಒಟ್ಟಿಗೆ ನೆಲ ಒತ್ತುತ್ತಿದ್ದವು. ಮನೆಯ ಮುಂದಿನ ಕೋಣೆಯೇ ಡ್ರೈವಿಂಗ್ ಶಾಲೆಯ ಆಫೀಸು; ಅಂಗಳದಲ್ಲಿ ನೆತ್ತಿಯ ಮೇಲೆ ಎಲ್ ಬೋರ್ಡು ಹೊತ್ತ ಎರಡು ಹಳೇ ಕಾರು. ಮಾವ, ಗಂಡ, ಸೊಸೆ ಮೂವರೂ ಕಲಿಸುವವರು. ಅತ್ತೆಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಆದರೆ ರಸ್ತೆ ಫಲಕಗಳ ಪಾಠ ಅವರದ್ದೇ. ಗೋಡೆಯ ಚಾರ್ಟಿಗೆ ಕೋಲು ತಾಗಿಸಿ "ಕೆಂಪು ಗೆರೆ ಅಡ್ಡ ಎಳೆದಿದ್ರೆ ಏನು? ಬೇಡ ಅಂತ!" ಎಂದು ಅವರು ಗದರಿದರೆ, ಮೀಸೆ ನರೆತ ಗಂಡಸರೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು.

ಮಾವನನ್ನು ಊರೆಲ್ಲ ಮೇಷ್ಟ್ರು ಎನ್ನುತ್ತಿತ್ತು. ಅವರು ಹೆಸರು ಮಾಡಿದ್ದು ಕಾಲಿನಿಂದ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವಲ್ಲ, ಅವನ್ನು ಮೇಷ್ಟ್ರು ಎಷ್ಟು ನಾಜೂಕಾಗಿ ಒತ್ತುತ್ತಿದ್ದರೆಂದರೆ ಸ್ಟೀರಿಂಗ್ ಹಿಡಿದವನಿಗೆ ಸುಳಿವೇ ಸಿಗುತ್ತಿರಲಿಲ್ಲ. ಕಾರು ನಿಲ್ಲಿಸಿದ್ದು ತಾನೇ ಎಂದುಕೊಂಡು ಅವನು ಎದೆಯುಬ್ಬಿಸಿ ಮನೆಗೆ ಹೋಗುತ್ತಿದ್ದ. "ಮೊದಲು ಧೈರ್ಯ ಬರ್ಲಿ, ಕಾಲು ಆಮೇಲೆ ತಾನಾಗೇ ಪಳಗುತ್ತೆ" ಎನ್ನುವುದು ಮೇಷ್ಟ್ರ ವಾದ. ಹೆಂಗಸರಿಗೆ ಕಲಿಸಲೆಂದು ಕೆಲಸಕ್ಕೆ ಸೇರಿ ಆಮೇಲೆ ಆ ಮನೆಗೇ ಸೊಸೆಯಾದವಳು ಇದನ್ನು ಒಪ್ಪುತ್ತಿರಲಿಲ್ಲ. ತಾನು ಬ್ರೇಕು ಒತ್ತಿದಾಗಲೆಲ್ಲ "ಇದು ನಾನು ಒತ್ತಿದ್ದು, ನೀವಲ್ಲ" ಎಂದು ಮುಲಾಜಿಲ್ಲದೆ ಹೇಳಿಬಿಡುತ್ತಿದ್ದಳು. ಅದಕ್ಕೆ ಕಣ್ಣೀರು ಹಾಕಿಕೊಂಡವರೂ ಉಂಟು. ಊಟಕ್ಕೆ ಕೂತಾಗ ಮಾವನಿಗೂ ಸೊಸೆಗೂ ದಿನಾ ಇದೇ ಜಟಾಪಟಿ, ಇಬ್ಬರೂ ಸೋಲುವ ಕುಳಗಳಲ್ಲ.

ಇಂಥವಳು ಬಸುರಿಯಾದಳು. ಹೊಟ್ಟೆಗೆ ಸೀಟು ಬೆಲ್ಟು ಎಟುಕುವಷ್ಟು ದಿನವೂ ಕಾರು ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಆದರೆ ಅವಳನ್ನು ಇಳಿಸಿದ್ದು ಹೊಟ್ಟೆಯಲ್ಲ, ಪಾದ. ಒಂದು ಬೆಳಗ್ಗೆ ಚಪ್ಪಲಿಯೊಳಗೆ ಕಾಲು ಹೋಗಲಿಲ್ಲ. ಬರಿಗಾಲಲ್ಲೇ ಕೂತು ಬ್ರೇಕು ಒತ್ತಿದರೆ, ಒತ್ತಿದ್ದು ಪೆಡಲ್ಲೋ ದಿಂಬೋ ತಿಳಿಯಲಿಲ್ಲ. ಬೆರಳಿನಿಂದ ಒತ್ತಿದರೆ ಪಾದದ ಮೇಲೆ ಬಿದ್ದ ಗುಳಿ ಹಾಗೇ ಉಳಿಯಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎರಡು ಸಲ ಬಿಪಿ ನೋಡಿ, ಮೂರನೆಯ ಸಲ ಬೇರೆ ಯಂತ್ರ ತರಿಸಿ ನೋಡಿ, ಹುಬ್ಬು ಗಂಟಿಕ್ಕಿದರು. "ಇವತ್ತಿಂದ ಕಾರು ಬಂದ್. ಹಾಸಿಗೆ ಬಿಟ್ಟು ಏಳಂಗಿಲ್ಲ. ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ, ಹೊಟ್ಟೆ ಮೇಲ್ಭಾಗ ನೋವು ಬಂದ್ರೆ ಒಂದು ಕ್ಷಣ ಕಾಯ್ಬೇಡಿ, ಓಡಿ ಬನ್ನಿ" ಎಂದರು.

ಮಲಗುವುದು ಸುಖ ಎಂದು ಹೇಳುವವರನ್ನು ಒಂದು ವಾರ ಎಡಮಗ್ಗುಲಲ್ಲೇ ಮಲಗಿಸಬೇಕು. ಅವಳ ಮಂಚದ ಪಕ್ಕದ ಗೋಡೆಯಾಚೆಗೆ ಆಫೀಸು. ದಿನವಿಡೀ ಅತ್ತೆಯ ಫಲಕ ಪಾಠ ಕಿವಿಗೆ ಬೀಳುತ್ತಿತ್ತು. ಮುಂದೆ ತಿರುವು, ಮುಂದೆ ಉಬ್ಬು, ಮುಂದೆ ರಸ್ತೆ ಕಿರಿದು. ಕೇಳಿ ಕೇಳಿ ಅವಳಿಗೆ ರೇಗುತ್ತಿತ್ತು. ಅಂಗಳದಲ್ಲಿ ಯಾರೋ ಗೇರು ಕಿರುಗುಟ್ಟಿಸಿದರೆ ಮಲಗಿದಲ್ಲಿಂದಲೇ ಹಲ್ಲು ಕಡಿಯುತ್ತಿದ್ದಳು. ಗಂಡ ಪಾಠ ಪಾಠಗಳ ನಡುವೆ ಬಂದು ಕೈಗೆ ಬಿಪಿ ಪಟ್ಟಿ ಸುತ್ತಿ, ಮುಳ್ಳು ಎಷ್ಟು ತೋರಿಸಿದರೂ "ಪರವಾಗಿಲ್ಲ, ಸ್ವಲ್ಪ ಜಾಸ್ತಿ" ಎನ್ನುತ್ತಿದ್ದ. ಅವನ ಮುಖ ನೋಡಿದರೆ ಸ್ವಲ್ಪವೆಷ್ಟು ಎಂದು ತಿಳಿಯುತ್ತಿತ್ತು. ಸುಳ್ಳು ಹೇಳಲು ಬಾರದವರು ಸುಳ್ಳು ಹೇಳಬಾರದು, ಆದರೆ ಆ ಮನೆಯಲ್ಲಿ ಅದನ್ನು ಯಾರೂ ಕಲಿತಿರಲಿಲ್ಲ.

ಎಂಟನೇ ತಿಂಗಳು ಕಾಲಿಟ್ಟಿತ್ತು ಅಷ್ಟೆ. ಒಂದು ಬೆಳಗ್ಗೆ ಗೋಡೆಯ ಕ್ಯಾಲೆಂಡರಿನ ಅಂಕಿಗಳು ಈಜತೊಡಗಿದವು. ಕಣ್ಣಿನ ಮೂಲೆಯಲ್ಲಿ ಮಿಂಚು. "ರೀ, ಓಡಿ" ಎಂದಳು, ಅಷ್ಟೇ. ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ಕೆಂಪು ದೀಪ ದಾಟಿಸಿ ಕಾರು ಓಡಿಸಿದರು. ಆಸ್ಪತ್ರೆಯಲ್ಲಿ ಯಾರೂ ಅವಳ ಒಪ್ಪಿಗೆಗೆ ಕಾಯುವಂತಿರಲಿಲ್ಲ. ಮಗುವನ್ನು ಈಗಲೇ ಹೊರತೆಗೆಯದಿದ್ದರೆ ತಾಯಿ ಮಗು ಇಬ್ಬರೂ ಕೈಬಿಟ್ಟು ಹೋಗಬಹುದು ಎಂದು ಡಾಕ್ಟರಮ್ಮ ಹೇಳಿದ್ದನ್ನು ಅವಳು ಕೇಳಿಸಿಕೊಂಡಳು. ಹಣೆ ಒಡೆಯುವಂಥ ನೋವಿನಲ್ಲಿ ಅದು ಇನ್ಯಾರದೋ ಸಂಗತಿ ಎನ್ನಿಸಿತು. ಎಚ್ಚರವಾದಾಗ ಹೊಟ್ಟೆ ಇಳಿದಿತ್ತು, ಪಕ್ಕ ಖಾಲಿಯಿತ್ತು. ಹೆಣ್ಣು ಮಗು, ಬದುಕಿದೆ, ಮೇಲಿನ ಮಹಡಿಯಲ್ಲಿ ಕಾವಿನ ಪೆಟ್ಟಿಗೆಯಲ್ಲಿದೆ ಎಂದರು. ಹೆತ್ತೆ ಎನ್ನುವುದಕ್ಕೆ ಅವಳ ಬಳಿ ಇದ್ದ ಸಾಕ್ಷಿ ಹೊಲಿಗೆಯ ಉರಿ ಒಂದೇ.

ಗಾಲಿ ಕುರ್ಚಿಯಲ್ಲಿ ಕೂರಿಸಿ ಕರೆದುಕೊಂಡು ಹೋದರು. ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಬೆನ್ನು, ಮೂಗಿಗೆ ನಳಿಗೆ, ತಲೆಗೆ ದೊಡ್ಡದಾದ ಟೋಪಿ. ಮುಟ್ಟಬಹುದು, ಎತ್ತುವಂತಿಲ್ಲ. ಮೇಷ್ಟ್ರು ಕಿಟಕಿಯಾಚೆಯಿಂದ ಇಣುಕಿ, "ಇನ್ನೂ ಎಲ್ ಬೋರ್ಡು. ಪಾಸಾಗ್ತಾಳೆ ಬಿಡಮ್ಮ" ಎಂದರು. ಮಗುವಿಗೆ ಎಲ್ ಬೋರ್ಡು ಎಂದೇ ಅಡ್ಡಹೆಸರಾಯಿತು.

ಹಾಲು ಬರಲಿಲ್ಲ. ಒಂದು ದಿನ ಬರಲಿಲ್ಲ, ಎರಡು ದಿನ ಬರಲಿಲ್ಲ. ವಾರ್ಡಿನ ದಾದಿಯೊಬ್ಬಳು ಬಂದು ಎದೆ ಹಿಂಡಿ ಹಿಂಡಿ ಚಮಚದ ತಳದಲ್ಲಿ ಹಳದಿ ಹನಿಯೊಂದನ್ನು ತೋರಿಸಿ "ಬಂಗಾರ ಇದು" ಎಂದಳು. ಆ ಬಂಗಾರವನ್ನು ಮೇಲಿನ ಮಹಡಿಗೆ ಒಯ್ಯುವಾಗ ಗಂಡ ಚಮಚವನ್ನು ಎರಡೂ ಕೈಯಲ್ಲಿ ಹಿಡಿದು ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟುಕೊಂಡು ಹೋದದ್ದು ನೋಡಿ ಅವಳಿಗೆ ನಗು ಬಂತು, ನಕ್ಕರೆ ಹೊಲಿಗೆ ಎಳೆಯಿತು, ಅಳು ಬಂತು. ಅಕ್ಕಪಕ್ಕದ ಮಂಚಗಳಲ್ಲಿ ಮಕ್ಕಳು ಚಪ್ಪರಿಸಿ ಕುಡಿಯುವ ಸದ್ದು. ಅವಳು ಮಾತ್ರ ಹಾಲು ಹಿಂಡುವ ಯಂತ್ರದ ಎದುರು. ಗೊರ್, ಗೊರ್, ಗೊರ್. ಆ ಯಂತ್ರ ಅವಳ ಮಗುವಿಗಿಂತ ಮೊದಲೇ ಅವಳ ಎದೆಗೆ ಬಾಯಿ ಹಾಕಿತು.

ಅಂತೂ ಮಗು ಪೆಟ್ಟಿಗೆಯಿಂದ ಹೊರಬಂತು, ನಳಿಗೆ ಬಿಟ್ಟಿತು, ಮನೆಗೂ ಬಂತು. ಮನೆಗೆ ಬಂದ ಮೇಲೆ ಶುರುವಾದ ದಿನಚರಿಯನ್ನು ಕೇಳಿದರೆ ಲಾರಿ ಓಡಿಸುವವರೂ ಕೈ ಮುಗಿಯಬೇಕು. ಮೊದಲು ಮಗುವನ್ನು ಎದೆಗೆ ಹಾಕಿಕೊಳ್ಳುವುದು. ಅದು ನಾಲ್ಕು ಗುಟುಕು ಎಳೆದು, ಮುಖ ಕೆಂಪಗೆ ಮಾಡಿ, ತಲೆ ಕೊಡವಿ ಕಿರುಚುವುದು. ಮತ್ತೆ ಹಾಕುವುದು, ಮತ್ತೆ ಕಿರುಚುವುದು. ಆಮೇಲೆ ಮಗುವನ್ನು ಮನೆಯವರ ಕೈಗೆ ಕೊಡುವುದು. ಅವರು ಹೊರಗಿನ ಕೋಣೆಯಲ್ಲಿ ಬಾಟಲಿಯ ಹಾಲು ಕುಡಿಸುತ್ತಿರುವಾಗ ಅವಳು ಒಳಗೆ ಬಾಗಿಲು ಹಾಕಿಕೊಂಡು ಯಂತ್ರಕ್ಕೆ ಎದೆ ಕೊಟ್ಟು ಕೂರುವುದು. ಹೀಗೆ ಹಿಂಡುತ್ತಿದ್ದರೆ ಹಾಲು ಹೆಚ್ಚುತ್ತದೆ ಎಂದಿದ್ದರು. ಯಂತ್ರ ತೊಳೆದು ಬಿಸಿನೀರಲ್ಲಿ ಅದ್ದಿ ಒಣಗಿಸುವಷ್ಟರಲ್ಲಿ ಮಗು ಮತ್ತೆ ಎದ್ದಿರುತ್ತಿತ್ತು. ಊಟ ನಿಂತುಕೊಂಡು, ಸ್ನಾನ ಓಡಿಕೊಂಡು, ನಿದ್ದೆ ಗೋಡೆಗೆ ಒರಗಿಕೊಂಡು. ಹಗಲು ಯಾವುದು, ರಾತ್ರಿ ಯಾವುದು ಎನ್ನುವ ಪರಿವೆ ಹೋಯಿತು. ಒಮ್ಮೆ ಹಲ್ಲುಜ್ಜುವ ಬ್ರಷ್ಷಿಗೆ ಮಗುವಿನ ಮೈಗೆ ಹಚ್ಚುವ ಕ್ರೀಮು ಹಾಕಿಕೊಂಡು ಅರ್ಧ ಉಜ್ಜಿದ ಮೇಲೆ ತಿಳಿಯಿತು. ಉಗಿಯುವಷ್ಟೂ ತ್ರಾಣವಿಲ್ಲದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

ಆಯಾಸಕ್ಕಿಂತ ದೊಡ್ಡದು ಇನ್ನೊಂದಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಮಗುವನ್ನು ದಿನ ತುಂಬುವವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಆಗಲಿಲ್ಲ, ಹೊರಕ್ಕೆ ತರುವುದಕ್ಕೂ ಬರಲಿಲ್ಲ. ಹೊರತೆಗೆದದ್ದು ಡಾಕ್ಟರಮ್ಮ, ಕಾಪಾಡಿದ್ದು ಕಾವಿನ ಪೆಟ್ಟಿಗೆ. ಇನ್ನು ಹೊಟ್ಟೆ ತುಂಬಿಸುವುದಾದರೂ ತನ್ನಿಂದ ಆಗಬೇಕು. ಅದೂ ಆಗದಿದ್ದರೆ ಈ ಮಗುವಿಗೆ ತಾನು ಏನು? ತನ್ನನ್ನು ಕಂಡರೆ ಅಳುತ್ತದೆ, ಬೇರೆಯವರ ಕೈಗೆ ಹೋದರೆ ಸುಮ್ಮನಾಗುತ್ತದೆ. ಮುಚ್ಚಿದ ಬಾಗಿಲಿನಾಚೆ ಆ ಅಳು ನಿಂತ ಕ್ಷಣ ಅವಳಿಗೆ ಸಮಾಧಾನವಾಗುತ್ತಿತ್ತು, ಅದರ ಬೆನ್ನಲ್ಲೇ ಹೊಟ್ಟೆಯುರಿಯೂ ಆಗುತ್ತಿತ್ತು. ಅತ್ತೆಯ ಮೇಲೆ ಹೊಟ್ಟೆಯುರಿ, ಗಂಡನ ಮೇಲೆ ಹೊಟ್ಟೆಯುರಿ. ಬಾಟಲಿಯ ಮೇಲೆ ಅಂತೂ ಕೇಳುವುದೇ ಬೇಡ.

ಆಸ್ಪತ್ರೆಯಿಂದ ಮನೆಮನೆಗೆ ಬಂದು ಬಾಣಂತಿ ಮತ್ತು ಮಗುವನ್ನು ನೋಡಿಕೊಂಡು ಹೋಗುವ ಸಿಸ್ಟರ್ ಒಬ್ಬರಿದ್ದರು. ದಪ್ಪ ಚೀಲ, ಚೀಲದಲ್ಲಿ ತಕ್ಕಡಿ, ಮಾತು ಕಡಿಮೆ. ಒಂದು ದಿನ ಮಗುವನ್ನು ತೂಗಿ, ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿ, ಚೀಲ ಮುಚ್ಚುತ್ತಾ ಹೇಳಿದರು: "ಹೀಗೇ ಹೋದ್ರೆ ನೀವು ಬೀಳ್ತೀರಿ. ಒಂದು ವಾರ ಯಂತ್ರಾನೂ ಬೇಡ, ಡಬ್ಬಿ ಹಾಲೂ ಬೇಡ. ಕೇಳ್ದಾಗೆಲ್ಲ ಎದೆಗೇ ಹಾಕ್ಕೊಳ್ಳಿ. ಒದ್ದೆ ಬಟ್ಟೆ ಎಷ್ಟು ಆಗುತ್ತೆ ಅಂತ ಗಮನ ಇರ್ಲಿ. ಕಮ್ಮಿಯಾದ್ರೆ, ಮಗು ಸಪ್ಪಗಾದ್ರೆ ತಕ್ಷಣ ಫೋನು ಮಾಡಿ. ನಾನು ನಡುವೆ ಒಂದ್ಸಲ ಬಂದು ನೋಡ್ತೀನಿ. ತೂಕ ಏರಿದ್ರೆ ನಿಮ್ಮ ಹಾಲೇ ಸಾಕು ಅಂತ ಅರ್ಥ. ಏರ್ದಿದ್ರೆ ಬೇರೆ ದಾರಿ ಇದ್ದೇ ಇದೆ."

ಆವತ್ತೇ ಅವಳು ಹಾಲಿನ ಪುಡಿಯ ಹೊಸ ಡಬ್ಬಿಯನ್ನು, ಇನ್ನೂ ಸೀಲು ಒಡೆಯದ್ದನ್ನು, ನಡುಮನೆಯ ಮೇಲಿನ ಹಲಗೆಯ ತುದಿಗೆ ತಳ್ಳಿಸಿದಳು. "ಯಾರೂ ಇದನ್ನ ಮುಟ್ಟಂಗಿಲ್ಲ. ಗೊತ್ತಾಯ್ತಾ?" ಮೂವರೂ ಫಲಕ ಪಾಠ ಕೇಳುವವರಂತೆ ತಲೆಯಾಡಿಸಿದರು.

ಆ ವಾರ ನಿಜಕ್ಕೂ ಎಲ್ಲ ಬದಲಾಯಿತು. ಮೊದಲೆರಡು ದಿನ ಮಗು ಎದೆ ಬಿಟ್ಟು ಇಳಿಯಲೇ ಇಲ್ಲ, ಕುಡಿಯಿತು, ಕಿರುಚಿತು, ಕುಡಿಯಿತು. ಅವಳು ಹಣ್ಣುಗಾಯಿ ನೀರುಗಾಯಿ ಆದಳು. ಮೂರನೆಯ ದಿನದಿಂದ ಏನೋ ಒಂದು ಹದ ಸಿಕ್ಕಿತು. ಬೆಳಗಿನ ಹೊತ್ತು ಮಗು ಎರಡು ಗುಟುಕು ಎಳೆದು ಹಾಗೇ ಎದೆಯ ಮೇಲೆ ತೂಕಡಿಸುತ್ತಿತ್ತು. ಅವಳು ಸ್ನಾನ ಮುಗಿಸಿ ಬಂದರೆ ತೊಟ್ಟಿಲಲ್ಲಿ ಮುಷ್ಟಿ ಬಿಚ್ಚಿ ಮಲಗಿರುತ್ತಿತ್ತು. ಮಧ್ಯಾಹ್ನ ಅವಳು ಒಂದಿಷ್ಟು ಕಣ್ಣು ಮುಚ್ಚಿ ಎದ್ದರೂ ಅಳುವಿಲ್ಲ. ಒದ್ದೆ ಬಟ್ಟೆಗಳ ರಾಶಿ. ನಡುವೆ ಬಂದ ಸಿಸ್ಟರ್ ಕೂಡ ರಾಶಿ ನೋಡಿ "ಮುಂದುವರಿಸಿ" ಎಂದು ಹೋದರು. ಇದೇ ಇರಬೇಕು ತೃಪ್ತಿ ಎನ್ನುವುದು, ಎಂದುಕೊಂಡಳು. ಕನ್ನಡಿಯಲ್ಲಿ ತನ್ನ ಎದೆಯನ್ನು ಮೊದಲ ಸಲ ಗೌರವದಿಂದ ನೋಡಿದಳು. ಗಂಡನಿಗೆ "ನೋಡ್ರೀ, ಹೇಗೆ ಸುಮ್ಮನಿದ್ದಾಳೆ" ಎಂದಳು. ಅವನು ಶೂ ಲೇಸು ಕಟ್ಟುತ್ತಾ "ಹೂಂ ಕಣೇ" ಎಂದ. ಲೇಸು ಕಟ್ಟಿ ಮುಗಿದಿದ್ದರೂ ತಲೆ ಎತ್ತಲಿಲ್ಲ.

ತೂಗುವ ದಿನ ಬಂತು. ಮೇಷ್ಟ್ರು ಬೆಳಗಿನ ಪಾಠಗಳನ್ನೆಲ್ಲ ಮುಂದಕ್ಕೆ ಹಾಕಿದರು. ಆಫೀಸಿನ ಮೇಜಿನ ಮೇಲೆ ಸಿಸ್ಟರ್ ತಕ್ಕಡಿ ಇಟ್ಟು, ಬಟ್ಟೆ ಹಾಸಿ, ಮಗುವನ್ನು ಬರಿಮೈಯಲ್ಲಿ ಮಲಗಿಸಿದರು. ಗೋಡೆಯ ತುಂಬ ಎಚ್ಚರಿಕೆಯ ಫಲಕಗಳು, ಅವುಗಳ ಕೆಳಗೆ ಉಸಿರು ಬಿಗಿಹಿಡಿದ ನಾಲ್ವರು. ಅಂಕಿ ಆ ಕಡೆ ಈ ಕಡೆ ಹೊಯ್ದಾಡಿ ನಿಂತಿತು. ಸಿಸ್ಟರ್ ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ನೋಡಿದರು.

"ಭೇಷ್" ಎಂದರು. "ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತೀನೇ ಏರಿದ್ದಾಳೆ. ಗೆದ್ರಿ ಕಣಮ್ಮ. ಇನ್ನು ನಾನು ವಾರ ವಾರ ಬರೋ ಅಗತ್ಯ ಇಲ್ಲ."

ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಅದರ ನೆತ್ತಿಗೆ ಮೂಗು ಒತ್ತಿ, "ನನ್ನ ಹಾಲು ಕುಡ್ದು! ನನ್ನದು!" ಎಂದು ಸುಮ್ಮಸುಮ್ಮನೆ ನಕ್ಕಳು. ಉಳಿದ ಮೂವರೂ ನಕ್ಕರು, ಆದರೆ ನಗು ತುಟಿಯಿಂದ ಮೇಲಕ್ಕೆ ಹತ್ತಲಿಲ್ಲ. ಸಂತೋಷದಲ್ಲಿ ಇದ್ದವರಿಗೆ ಇನ್ನೊಬ್ಬರ ನಗು ಅಳೆಯುವ ವ್ಯವಧಾನ ಎಲ್ಲಿ?

ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ ಸಿಸ್ಟರ್, ಮುಂದೆ ಹೋಗಬೇಕಾದ ಮನೆಯ ಸುದ್ದಿ ತೆಗೆದರು. ಅಲ್ಲಿ ಅವಳಿ ಮಕ್ಕಳು, ತಾಯಿಗೆ ಜ್ವರ, ಡಬ್ಬಿ ಹಾಲು ನಿನ್ನೆಯೇ ಮುಗಿದಿದೆಯಂತೆ. "ದಾರೀಲಿ ಎಲ್ಲಾದ್ರೂ ಅಂಗಡಿ ತೆರೆದಿದ್ರೆ ನೋಡ್ಬೇಕು" ಎಂದರು.

"ಅಂಗಡಿ ಯಾಕೆ? ನಮ್ಮನೇಲಿ ಹೊಸ ಡಬ್ಬಿ ಇದೆಯಲ್ಲ! ಸೀಲೂ ಒಡೆದಿಲ್ಲ. ನಮಗಿನ್ನು ಯಾಕದು?" ಅವಳ ಧ್ವನಿಯಲ್ಲಿ ದಾನಿಗಳ ಗತ್ತು ಬಂದುಬಿಟ್ಟಿತ್ತು.

"ಇರ್ಲಿ ಬಿಡಮ್ಮ, ಮನೇಲಿದ್ರೆ ಯಾವತ್ತಾದ್ರೂ ಬೇಕಾಗುತ್ತೆ" ಎಂದರು ಅತ್ತೆ, ಎದ್ದು ನಿಂತು.

"ನಾನೇ ಹೋಗಿ ಹೊಸದು ತಂದ್ಕೊಡ್ತೀನಿ, ಐದು ನಿಮಿಷ" ಎಂದು ಗಂಡ ಬೈಕಿನ ಕೀಲಿ ತೆಗೆದುಕೊಂಡ.

"ಅದು ಹಳೇದಾಗಿರಬೇಕು. ತಾರೀಖು ನೋಡ್ಬೇಕು" ಎಂದರು ಮೇಷ್ಟ್ರು, ಡಬ್ಬಿಯನ್ನೇ ನೋಡದೆ.

ಅವಳು ಮಗುವನ್ನು ಸಿಸ್ಟರ್ ತೊಡೆಯ ಮೇಲಿಟ್ಟು ಸ್ಟೂಲು ಎಳೆದುಕೊಂಡಳು. ಹೊಲಿಗೆ ಹಾಕಿಸಿಕೊಂಡವಳು ಸ್ಟೂಲು ಹತ್ತಬಾರದು ಎಂದು ಅತ್ತೆ ಕೂಗುತ್ತಿರುವಾಗಲೇ ಹತ್ತಿದಳು, ಕೈ ಚಾಚಿದಳು. ಭಾರವಾಗಿರುತ್ತದೆಂದು ಬಲ ಹಾಕಿ ಎಳೆದ ಡಬ್ಬಿ ಗಕ್ಕನೆ ಮೇಲಕ್ಕೆ ಬಂತು. ಒಳಗೆ ಅಳತೆಯ ಚಮಚ ಮಾತ್ರ ಟಣ್ ಎಂದು ತಳಕ್ಕೆ ಬಡಿಯಿತು. ಸೀಲು ಒಡೆದಿತ್ತು. ತಳದಲ್ಲಿ ಉಳಿದದ್ದು ಎರಡು ಮೂರು ಸಲಕ್ಕಾಗುವಷ್ಟು ಪುಡಿ.

ಸ್ಟೂಲಿನ ಮೇಲೆ ನಿಂತೇ ಅವಳು ಮೂವರನ್ನೂ ನೋಡಿದಳು. ಇಂಗು ತಿಂದ ಮಂಗನಂತೆ ನಿಂತಿದ್ದರು ಮೂವರೂ.

"ನಾನೇ" ಎಂದ ಗಂಡ ಮೊದಲು. "ಬೆಳಗ್ಗೆ ಹೊತ್ತು ಮಾತ್ರ. ನಿಂಗೆ ಇನ್ನರ್ಧ ಗಂಟೆ ನಿದ್ದೆ ಆಗ್ಲಿ ಅಂತ. ದಿನಕ್ಕೆ ಒಂದೇ ಒಂದು ಬಾಟ್ಲಿ ಕಣೇ, ಆಣೆಗೂ."

ಅತ್ತೆ ಗಿರಕ್ಕನೆ ಮಗನ ಕಡೆ ತಿರುಗಿದರು. "ನೀನೂನಾ? ಮತ್ತೆ ಸ್ನಾನದ ಹೊತ್ತಿಗೆ ಕೊಡ್ತಿದ್ದವಳು ನಾನಲ್ವೇನೋ!"

ಇಬ್ಬರೂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಕೆಮ್ಮಿದರು. "ಮಧ್ಯಾಹ್ನ. ಒಂದೇ" ಎಂದರು.

ಸಿಸ್ಟರ್ ಲೋಟ ಕೆಳಗಿಟ್ಟರು. ಮಾತು ಕಡಿಮೆಯ ಹೆಂಗಸಿಗೆ ಆವತ್ತು ಮಾತು ಬಂತು. "ಏನ್ ಆಟ ಇದು? ತೂಕ ನೋಡಿ ನಾನು ಇನ್ನು ಬರಲ್ಲ ಅಂತ ಹೇಳಿ ಹೋಗ್ತಿದ್ದೆ. ನಾಳೆ ನೀವು ಕೊಡೋದು ನಿಲ್ಸಿದ್ರೆ ಈ ಕೂಸಿನ ಗತಿ ಏನಾಗ್ತಿತ್ತು? ಮಗುಗೆ ಹಾಲು ಕೊಟ್ಟಿದ್ದು ತಪ್ಪಲ್ಲ. ಬಾಯಿ ಮುಚ್ಚಿಕೊಂಡು ಕೊಟ್ಟಿದ್ದು ತಪ್ಪು!"

ಅವಳು ಸ್ಟೂಲಿನಿಂದ ಇಳಿದು ಅದರ ಮೇಲೇ ಕೂತಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನಕ್ಕೆ ಮಾತಾಡಿದಳು.

"ಮಾವ, ಇಷ್ಟು ದಿನ ಈ ಕೆಲಸ ನೀವು ರಸ್ತೆಗೆ ಇಟ್ಕೊಂಡಿದ್ರಿ. ಈಗ ಮನೆಯೊಳಗೂ ತಂದ್ರಿ. ಮೂರು ಜನ ನನ್ನ ಪಕ್ಕ ಕೂತು, ಮೂರು ಜನಾನೂ ಬ್ರೇಕು ಒತ್ತಿ, ಸಿಸ್ಟರ್ ಕೈಲಿ ನಂಗೆ ಭೇಷ್ ಅನ್ನಿಸಿದ್ರಿ. ಆಗ್ಲಿಂದ ನಾನು ಹುಚ್ಚಿ ಹಾಗೆ ನನ್ನದು ನನ್ನದು ಅಂತ ಕುಣೀತಿದ್ದೀನಿ. ಒಬ್ಬರಿಗಾದ್ರೂ ನಿಲ್ಲೇ ಅನ್ನೋಕೆ ಬಾಯಿ ಬರ್ಲಿಲ್ವಾ?"

ಮೇಷ್ಟ್ರು ನೆಲ ನೋಡುತ್ತಾ ಹೇಳಿದರು, "ಆವತ್ತು ಆಸ್ಪತ್ರೇಲಿ ನಿನ್ನ ಒಳಗೆ ಕರ್ಕೊಂಡು ಹೋದ ಮೇಲೆ, ಇಬ್ಬರಲ್ಲಿ ಒಬ್ಬರೂ ಈಚೆ ಬರಲ್ಲ ಅಂದ್ಕೊಂಡು ಕಾರಿಡಾರಲ್ಲಿ ಕೂತಿದ್ವಿ ಕಣಮ್ಮ. ಒಳಗಡೆ ನಿಂಗೆ ಎಚ್ಚರ ಇರ್ಲಿಲ್ಲ, ಹೊರಗಡೆ ಅದನ್ನೆಲ್ಲ ನೋಡಿದವರು ನಾವು. ಮಗು ಹಸಿವಿಂದ ಅತ್ರೆ ನಂಗೆ ಅದೇ ಕಾರಿಡಾರು ಕಣ್ಣಿಗೆ ಕಟ್ಟುತ್ತೆ. ನಿನ್ನ ಮುಖ ನೋಡಿದ್ರೆ ಡಬ್ಬಿ ತೆಗೀಲಾ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ. ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋ."

ಇಷ್ಟು ವರ್ಷದ ಜಟಾಪಟಿಯಲ್ಲಿ ಮೇಷ್ಟ್ರು ಮೊದಲ ಸಲ ಸೋತದ್ದು. ಆದರೆ ಅವಳಿಗೆ ಗೆದ್ದ ಖುಷಿ ಹುಟ್ಟಲಿಲ್ಲ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ನಂಗೆ ಇನ್ನೊಂದು ಆಸೆಯೂ ಇತ್ತು ಕಣಮ್ಮ, ಸುಳ್ಳು ಯಾಕೆ ಹೇಳ್ಲಿ. ಕುಡೀವಾಗ ಅವಳು ಹೇಗೆ ನೋಡ್ತಾಳೆ ಗೊತ್ತಲ್ಲ? ಕಣ್ಣು ಮಿಟುಕಿಸದೆ ಮುಖಾನೇ ನೋಡ್ತಾಳೆ. ಅದಕ್ಕೋಸ್ಕರ ಒಂದೊಂದು ದಿನ ನಿನ್ನ ಸ್ನಾನ ಇನ್ನೂ ಸ್ವಲ್ಪ ಹೊತ್ತು ಆಗ್ಲಿ ಅಂತ ಅನ್ನಿಸೋದು."

"ಇಲ್ಲ ಅತ್ತೆ" ಎಂದಳು ಅವಳು. "ನಂಗೆ ಗೊತ್ತಿಲ್ಲ."

ಯಾಕೆ ಗೊತ್ತಿಲ್ಲ ಎಂದು ಅತ್ತೆಗೆ ಹೊಳೆಯುವುದಕ್ಕೆ ಒಂದು ಗಳಿಗೆ ಬೇಕಾಯಿತು. ಹೊಳೆದ ಮೇಲೆ ಅವರ ಮುಖ ಇಷ್ಟೇ ಇಷ್ಟಾಯಿತು. ಮಗು ಸಮಾಧಾನದಿಂದ ಕುಡಿಯುವ ಹೊತ್ತಿನಲ್ಲೆಲ್ಲ ಹೆತ್ತವಳು ಬಾಗಿಲು ಹಾಕಿಕೊಂಡು ಯಂತ್ರದ ಎದುರು ಕೂತಿರುತ್ತಿದ್ದಳು, ಇಲ್ಲವೇ ಸ್ನಾನದ ಮನೆಯಲ್ಲಿ, ಇಲ್ಲವೇ ನಿದ್ದೆಯಲ್ಲಿ. ಅವಳ ಪಾಲಿಗೆ ಬಂದದ್ದು ಹಸಿದ ಮುಖ ಒಂದೇ.

ಅಷ್ಟರಲ್ಲಿ ಸಿಸ್ಟರ್ ತೊಡೆಯ ಮೇಲಿದ್ದ ಮಗು ಮುಖ ಕಿವುಚಿ, ಕಿರ್ ಎಂದು ಶುರು ಮಾಡಿತು. ಮೂವರೂ ಒಟ್ಟಿಗೆ ಅಡುಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟು, ಒಟ್ಟಿಗೆ ನಿಂತುಬಿಟ್ಟರು. ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಎಲ್ಲರೂ ಕೂತ್ಕೊಳ್ಳಿ" ಎಂದಳು.

ಮಗುವನ್ನು ತೆಗೆದುಕೊಂಡು ಎದೆಗೆ ಹಾಕಿಕೊಂಡಳು. ಮಗು ಆತುರದಿಂದ ಬಾಯಿ ಹಾಕಿ ಎಳೆಯಿತು, ನುಂಗಿತು, ಎಳೆಯಿತು. ಸಿಸ್ಟರ್ ಬಗ್ಗಿ ಮಗುವಿನ ಗಂಟಲನ್ನೇ ಗಮನಿಸುತ್ತಿದ್ದರು. ನುಂಗುವುದು ನಿಧಾನವಾಯಿತು, ನಿಂತಿತು. ಮಗು ತಲೆ ಕೊಡವಿತು. ಇನ್ನೊಂದು ಕಡೆ ಹಾಕಿದಳು. ಅಲ್ಲಿಯೂ ಸ್ವಲ್ಪ ಹೊತ್ತು, ಆಮೇಲೆ ಅದೇ ಕಿರುಚಾಟ.

"ಹಾಲು ಇದೆ" ಎಂದರು ಸಿಸ್ಟರ್. "ಆದ್ರೆ ಪೂರ್ತಿ ಹೊಟ್ಟೆಗಾಗಲ್ಲ. ಬೇಗ ಹುಟ್ಟಿದ ಮಗು, ನಿಮಗೂ ಅಷ್ಟೆಲ್ಲ ಆಗಿದೆ. ಮುಂದೆ ಹೆಚ್ಚಬಹುದು, ಹೆಚ್ಚದೇನೂ ಇರಬಹುದು. ನಾನು ಖಂಡಿತ ಅಂತ ಹೇಳಲ್ಲ. ಅರ್ಧ ನಿಮ್ಮದು ಅಂತ ಇಟ್ಕೊಳ್ಳಿ."

"ಅರ್ಧ" ಎಂದಳು ಅವಳು. ಇಷ್ಟು ದಿನ ಜಗ್ಗಾಡಿ, ಜೀವ ಹಿಂಡಿ, ಕೈಗೆ ಸಿಕ್ಕಿದ್ದು ಆ ಒಂದು ಪದ. ಅವಳಿಗೆ ಅಳು ಬರುವುದೆಂದು ಎಲ್ಲರೂ ಕಾದರು. ಬರಲಿಲ್ಲ. ಬಹಳ ಸುಸ್ತಾದವರಿಗೆ ಅಳುವುದೂ ಒಂದು ಕೆಲಸವೇ. ಸುಳ್ಳಿನ ಪೂರ್ತಿಗಿಂತ ಈ ಅರ್ಧವನ್ನು ಹಿಡಿದುಕೊಳ್ಳುವುದು ಸುಲಭ ಎನ್ನಿಸಿತು ಅಷ್ಟೆ.

ಕಿರುಚುವ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಅಡುಗೆಮನೆಗೆ ಹೋದಳು. ಬಾಟಲಿ ಹುಡುಕಿದಳು, ಅತ್ತೆ ಅದನ್ನು ದೊಡ್ಡ ಪಾತ್ರೆಯ ಹಿಂದೆ ಅಡಗಿಸಿಟ್ಟಿದ್ದರು. ಕುದಿಸಿಟ್ಟ ನೀರು ಬಗ್ಗಿಸಿಕೊಂಡು, ಡಬ್ಬಿ ತೆರೆದು, ಅಳತೆಯ ಚಮಚ ಹಿಡಿದವಳು ಅಲ್ಲೇ ನಿಂತಳು. ಎಷ್ಟು ಹಾಕಬೇಕು? ಹೆತ್ತು ಇಷ್ಟು ದಿನವಾದರೂ ಒಂದು ಬಾಟಲಿಯನ್ನೂ ತಾನು ಕಲಸಿರಲಿಲ್ಲ.

"ಅತ್ತೆ, ಎಷ್ಟು ಚಮಚ?" ಎಂದು ಕೂಗಿದಳು.

ಅತ್ತೆ ಬಾಗಿಲವರೆಗೆ ಓಡಿಬಂದು, ಹೊಸ್ತಿಲಲ್ಲೇ ಬ್ರೇಕು ಹಾಕಿದಂತೆ ನಿಂತು, ಅಲ್ಲಿಂದಲೇ ಹೇಳಿಕೊಟ್ಟರು. "ಗುಡ್ಡೆ ಹಾಕ್ಬೇಡ, ಮಟ್ಟ ಮಾಡು. ಹಾಂ. ಈಗ ಅಲ್ಲಾಡ್ಸು. ಅಷ್ಟು ಜೋರಲ್ಲ, ನೊರೆ ಬರುತ್ತೆ. ಮಣಿಕಟ್ಟಿಗೆ ಒಂದು ಹನಿ ಬಿಟ್ಕೊಂಡು ನೋಡು, ಬಿಸಿ ಇದ್ಯಾ?" ಕೈ ಮುಂದೆ ಚಾಚಿ ಚಾಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಪಾಪ, ಅವರಿಗೆ ಅದು ಬಹಳ ಕಷ್ಟದ ಕೆಲಸವಾಗಿತ್ತು.

ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಅವಳು ಕೂತಳು. ಮಗುವನ್ನು ತೋಳಿನ ಮೇಲೆ ಮಲಗಿಸಿ ಬಾಟಲಿಯ ತುದಿಯನ್ನು ತುಟಿಗೆ ತಾಗಿಸಿದಳು. ಕಿರುಚಾಟ ಅರ್ಧದಲ್ಲಿ ತುಂಡಾಯಿತು. ಮಗು ಗುಟುಕು ಗುಟುಕಾಗಿ ಕುಡಿಯತೊಡಗಿತು. ಹಣೆಯ ಗಂಟು ಸಡಿಲವಾಯಿತು, ಬಿಗಿದ ಮುಷ್ಟಿ ಸಡಿಲವಾಯಿತು. ಆಮೇಲೆ ಅದು ಕಣ್ಣು ಪೂರ್ತಿ ತೆರೆದು ಮೇಲಕ್ಕೆ ನೋಡಿತು. ಅವಳ ಮುಖವನ್ನೇ, ಎವೆಯಿಕ್ಕದೆ. ಅತ್ತೆ ಹೇಳಿದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇರಲಿಲ್ಲ. ಇಷ್ಟು ದಿನ ತನ್ನನ್ನು ಕಂಡರೆ ಆಗದು ಎಂದುಕೊಂಡಿದ್ದ ಮಗು ಇದೇನಾ ಎಂದು ಅವಳೂ ನೋಡಿದಳು. ಕಣ್ಣಿನ ಬಣ್ಣ ಇನ್ನೂ ನಿರ್ಧಾರವಾಗಿರಲಿಲ್ಲ. ಎಡಗಣ್ಣಿನ ಹುಬ್ಬಿನ ಕೆಳಗೆ ಸಾಸಿವೆಯಷ್ಟು ಮಚ್ಚೆ ಇತ್ತು. ಅದನ್ನು ಈವರೆಗೆ ಅವಳು ಕಂಡಿರಲೇ ಇಲ್ಲ.

"ಇವಳಿಗೆ ಇಲ್ಲೊಂದು ಮಚ್ಚೆ ಇದೆ" ಎಂದಳು, ಯಾರನ್ನೂ ನೋಡದೆ.

"ಹೂಂ" ಎಂದ ಗಂಡ ಮೆಲ್ಲಗೆ. ಅವನಿಗೆ ಗೊತ್ತಿತ್ತು. ಮೂವರಿಗೂ ಗೊತ್ತಿತ್ತು. ಗೊತ್ತಿತ್ತು ಎಂದು ಒಬ್ಬರೂ ಹೇಳಲಿಲ್ಲ.

ಬಾಟಲಿ ಬರಿದಾಯಿತು. ತೇಗು ತರಿಸಲು ಅತ್ತೆ ಅಭ್ಯಾಸಬಲದಿಂದ ಎರಡೂ ಕೈ ಚಾಚಿದರು. "ಬೇಡ ಅತ್ತೆ, ನನ್ನ ಹತ್ರಾನೇ ಇರ್ಲಿ" ಎಂದು ಅವಳು ಮಗುವನ್ನು ಹೆಗಲ ಮೇಲೆ ಏರಿಸಿಕೊಂಡು ಬೆನ್ನು ಸವರಿದಳು. ಮಗು ತೇಗಿ, ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿ, ಕೈಕಾಲು ಚೆಲ್ಲಿ ನಿದ್ದೆಹೋಯಿತು. ಸಿಸ್ಟರ್ ಮುಂದಿನ ವಾರವೂ ಬರುತ್ತೇನೆಂದು ಹೇಳಿ ಹೊರಟರು. ಅವಳಿ ಮಕ್ಕಳ ಮನೆಗೆ ಡಬ್ಬಿ ತರಲು ಗಂಡ ಅವರ ಹಿಂದೆಯೇ ಬೈಕು ಹತ್ತಿದ. ಅಂಗಳದಲ್ಲಿ ಕಾಯುತ್ತಿದ್ದ ಯಾರೋ ಕಲಿಯುವವರನ್ನು ಮೇಷ್ಟ್ರು ಇವತ್ತು ಪಾಠವಿಲ್ಲವೆಂದು ಕಳಿಸಿದರು.

ಅವಳ ತೋಳು ಜೋಮು ಹಿಡಿಯಿತು. ಹೊಲಿಗೆ ಚುರುಗುಟ್ಟಿತು. ಆದರೂ ಅವಳು ಯಾರನ್ನೂ ಕರೆಯಲಿಲ್ಲ. ಹೊಟ್ಟೆ ತುಂಬಿದ ಮಗು ಎಷ್ಟು ಭಾರವಿರುತ್ತದೆಂದು ಅವಳಿಗೆ ತಿಳಿದದ್ದು ಆವತ್ತೇ.